ಟವಲಿನಡಿಯ ಸಲಹೆ

ಮೊನ್ನೆ ಕೌತಾಳಂನಿಂದ ಆದೋನಿಗೆ ಬರುವ ಶೇರ್ ಆಟೋದಲ್ಲಿ ಮುದುಕರೊಬ್ಬರು ಕುರಿಮರಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕೂತರು. ಮಳೆಯಲ್ಲಿ ನೆಂದ ಉಣ್ಣೆಯ ವಾಸನೆ, ಅದರೊಳಗೆ ಬೀಡಿಯ ಹೊಗೆ... ಮಾವ ಬಂದು ಕೂತಂತಾಯಿತು. ಅವರ ಮೇಲಿನ ಸಿಟ್ಟೂ ಜೊತೆಗೇ ಬಂತು.

ಸ್ವಂತ ಮಾವನಲ್ಲ. ಪಕ್ಕದ ಮನೆಯವರು, ಕುರಿ ಸಂತೆಯ ದಲಾಲಿ ಕೆಲಸದಲ್ಲೇ ತಲೆ ಬೆಳ್ಳಗಾದವರು. ಸಂತೆಯಲ್ಲಿ ಅವರು ಬೆಲೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎದುರಿನವನ ಕೈಗೆ ಟವಲು ಹೊದಿಸಿ, ಅದರಡಿಯಲ್ಲಿ ಬೆರಳು ಹಿಡಿದು ಹೇಳುತ್ತಿದ್ದರು. ವ್ಯಾಪಾರ ಬೇಡವೆಂದರೆ ಅವನ ಬೆರಳುಗಳನ್ನೆಲ್ಲ ಮಡಚಿ ಮುಷ್ಟಿ ಮಾಡಿಬಿಡುವರು. ನಾಲ್ಕು ಜನರೆದುರು ಯಾರಿಗೂ ಅವಮಾನವಿಲ್ಲ.

ಅಣ್ಣ, ಅಣ್ಣನ ಗೆಳೆಯ ಮತ್ತು ನಾನು ಸೇರಿ ಫೋನಿನಲ್ಲೇ ಕುರಿ ಮಾರಿಸುವ ಕಂಪನಿ ಶುರುಮಾಡಿದೆವು. ಮೂವರೂ ಡೈರೆಕ್ಟರುಗಳು. ಮಾವ ಹಿರಿಯರು, ಆದ್ದರಿಂದ ಅಡ್ವೈಸರ್. ಅಷ್ಟೇ ಯೋಚಿಸಿದ್ದು ನಾವು. ಅಡ್ವೈಸರಿಗೆ ಓಟಿಲ್ಲ, ಸಹಿಯಿಲ್ಲ, ಮಾತು ಮಾತ್ರ ಎಂದು ಅಣ್ಣ ವಿವರಿಸಿದಾಗ ಮಾವ ನಕ್ಕರು.

"ಹಂಗಾದ್ರ ನಾನು ಮದುವ್ಯಾಗಿನ ಸೋದರಮಾವ ಇದ್ದಂಗ ಬಿಡ್ರಪ್ಪಾ. ಮುಂದ ಕುಂದ್ರಸ್ತೀರಿ, ತಾಳಿ ಕಟ್ಟಾಂವ ಬ್ಯಾರೆ."

ಅಡ್ವೈಸರಿಗೆ ಉಳಿದಿದ್ದ ಆ ಮಾತನ್ನೂ ಅವರು ಆಡಲಿಲ್ಲ. ಮೀಟಿಂಗಿನಲ್ಲಿ ಏನು ಕೇಳಿದರೂ "ನೀವು ಓದಿದೋರು, ನೋಡ್ರಿ" ಅನ್ನುವರು. ಆಮೇಲೆ ಪಕ್ಕದಲ್ಲಿದ್ದ ನನ್ನ ಕೈಮೇಲೆ ಟವಲು ಜಾರಿಸಿ, ಹೌದೋ ಅಲ್ಲವೋ ಬೆರಳಿನಲ್ಲಿ ತಿಳಿಸುವರು. ಮೊದಮೊದಲು ತಮಾಷೆಯಾಗಿತ್ತು. ಬರಬರುತ್ತ ಮೈ ಉರಿಯುತ್ತಿತ್ತು.

ಒಂದು ಮಳೆಗಾಲ ಅಣ್ಣ ಹೊಸ ಯೋಚನೆ ತಂದ. ಊರೂರಿನ ಕುರಿಗಳನ್ನು ನಾವೇ ಕೊಂಡು, ಪೇಟೆಯ ಹೊರಗೆ ಒಂದೇ ದೊಡ್ಡಿಯಲ್ಲಿ ಕೂಡಿಹಾಕಿ, ಹಬ್ಬಕ್ಕೆ ಮಾರುವುದು. ಇದ್ದ ಬಂಡವಾಳವೆಲ್ಲ ಅದಕ್ಕೇ. ಗೆಳೆಯ ತಕ್ಷಣ ಒಪ್ಪಿದ. ಟವಲಿನಡಿಯಲ್ಲಿ ಮಾವ ನನ್ನ ಬೆರಳುಗಳನ್ನು ಮಡಚಿದರು, ನೋಯುವಷ್ಟು ಬಿಗಿಯಾಗಿ.

"ಬ್ಯಾಡಣ್ಣ," ಅಂದೆ.

"ಯಾಕ? ಕಾರಣ ಹೇಳು."

ಕಾರಣ ನನಗೆಲ್ಲಿ ಗೊತ್ತು? "ಮಾವನ್ನ ಕೇಳು," ಅಂದೆ.

ಮಾವ ಚಹಾದ ಲೋಟವನ್ನೇ ನೋಡುತ್ತ, "ಹುಡುಗ್ರು ಯೋಚ್ನೆ ಮಾಡ್ಯಾರ. ಒಳ್ಳೇದಾಗ್ಲಿ," ಅಂದರು.

"ಅಡ್ವೈಸರೇ ಸರಿ ಅಂದ್ರು, ನಿನಗೇನಾತಲೇ?" ಎಂದು ಅಣ್ಣ ನಕ್ಕ. ಇಬ್ಬರು ಬೇಕೆಂದರು, ನಾನೊಬ್ಬ ಬೇಡವೆಂದೆ. ಮುಗಿಯಿತು.

ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುವಾಗ ಮಾವನ ಬಾಯಿಂದ ಕಾರಣ ಬಂತು.

"ಮಳಿಗಾಲದಾಗ ನಾಕೂರ ಕುರಿ ಒಂದು ದೊಡ್ಡ್ಯಾಗ ಕೂಡಿಸಿದ್ರ, ಒಂದರ ರೋಗ ಎಲ್ಲಾಕೂ ಬರತೈತಿ ಅಳಿಯಾ."

"ಇದನ್ನ ಒಳಗ ಹೇಳಾಕ ಏನಾಗಿತ್ತು ನಿಮಗ?"

"ನಿಮ್ಮಣ್ಣನ ಮಾತು ಅವನ ಗೆಳ್ಯಾನ ಮುಂದ ತೆಗೆದು ಹಾಕ್ಲೇನು? ಡೈರೆಕ್ಟರ್ ನೀನು. ನೀ ಹೇಳು."

ಒಳಗೆ ಓಡಿಹೋಗಿ ಹೇಳಿದೆ. "ಒಳಗೊಂದು, ಹೊರಗೊಂದಾ? ಅವರೇ ಬಂದು ಹೇಳ್ಲಿ," ಎಂದ ಅಣ್ಣ. ಕರೆತರಲು ಹೊರಗೆ ಬಂದರೆ ಮಾವ ಆಗಲೇ ಓಣಿ ತಿರುಗಿಬಿಟ್ಟಿದ್ದರು.

ಹಬ್ಬಕ್ಕೆ ಮೊದಲೇ ದೊಡ್ಡಿ ಖಾಲಿಯಾಯಿತು... ಮಾರಾಟವಾಗಿ ಅಲ್ಲ. ಸತ್ತ ಕುರಿಗಳನ್ನು ಹೂಳಲು ಮಾವನೂ ನಮ್ಮ ಜೊತೆ ಗುಂಡಿ ತೋಡಿದರು. ಕೈಗೆ ಬೊಬ್ಬೆ ಬಂದರೂ ಸಲಿಕೆ ಬಿಡಲಿಲ್ಲ. "ನಾನು ಹೇಳಿದ್ದೆ" ಎಂದು ಒಮ್ಮೆಯೂ ಅನ್ನಲಿಲ್ಲ. ಅನ್ನುವುದೆಲ್ಲಿಂದ ಬಂತು? ಹೇಳಬೇಕಾದಲ್ಲಿ ಹೇಳಿರಲಿಲ್ಲವಲ್ಲ!

ಕಂಪನಿ ಮುಚ್ಚಿತು. ಒಂದಲ್ಲ ಒಂದು ದಿನ ಮಾವನನ್ನು ಎದುರಿಗೆ ಕೂರಿಸಿಕೊಂಡು ಜಗಳ ತೆಗೆಯಬೇಕು ಅಂದುಕೊಂಡಿದ್ದೆ. ಹೋದ ಬೇಸಿಗೆಯಲ್ಲಿ ಅವರು ನಿದ್ದೆಯಲ್ಲೇ ಹೋದರು. ಅದನ್ನೂ ಯಾರಿಗೂ ಹೇಳದೆ...

ಈಗ ಬೇರೊಂದು ಸಣ್ಣ ಕಂಪನಿಯಲ್ಲಿ ಡೈರೆಕ್ಟರ್ ಆಗಿದ್ದೇನೆ. ಅಲ್ಲಿಯ ಅಡ್ವೈಸರ್ "ಇದು ಬೇಡ" ಎಂದು ಮುಖಕ್ಕೇ ಹೇಳುತ್ತಾರೆ, ಕಾರಣ ಕೊಡುತ್ತಾರೆ, ಕಾರು ಹತ್ತಿ ಹೋಗುತ್ತಾರೆ. ಹೋದ ವಾರ ನಾನು ತಂದ ಯೋಜನೆಯನ್ನೇ ಎಲ್ಲರೆದುರು ಹೊಡೆದುಹಾಕಿದರು. ಸರಿಯಾಗಿಯೇ ಹೇಳಿದ್ದರು. ಅಡ್ವೈಸರ್ ಅಂದರೆ ಹಾಗೇ ಇರಬೇಕು. ಅವರು ನಮ್ಮ ಜೊತೆ ನಿಂತು ಗುಂಡಿ ತೋಡಲು ಬರುವವರಲ್ಲ, ನಿಜ.

ಆ ಮೀಟಿಂಗಿನ ದಿನ ಸಂಜೆ ಮನೆಗೆ ಬಂದವನೇ ಪಕ್ಕದ ಮನೆಯ ಕಡೆ ನಡೆದೆ. ಹೀಗೆ ಹೇಳಬೇಕಿತ್ತು ಮಾವ, ಹೀಗೆ, ಎಂದು ರೇಗಿಬಿಡುವಷ್ಟು ಮಾತು ಬಾಯಲ್ಲಿತ್ತು. ಮಾವ ಕೂರುತ್ತಿದ್ದ ಕಟ್ಟೆಯ ಮೇಲೆ ಈಗಿನ ಬಾಡಿಗೆಯವರು ಅಕ್ಕಿ ಆರಿಸುತ್ತಿದ್ದರು. "ಏನು ಬೇಕಿತ್ರಿ?" ಎಂದು ಕೇಳಿದರು. ಏನಿಲ್ಲವೆಂದು ಹೇಳಿ ತಿರುಗಿ ಬಂದೆ.