ನೂರೈವತ್ತು ಹೆಜ್ಜೆ ದೂರದ ಗಂಟೆ

ಆಗೆಲ್ಲ ಹಿಮಗಾಳಿ ಎದ್ದು ದಾರಿ ಕಾಣದಂತಾದರೆ ನಮ್ಮೂರಲ್ಲಿ ಚರ್ಚಿನ ಗಂಟೆ ಬಾರಿಸುತ್ತಿದ್ದರು. ನಮ್ಮೂರು ಇದ್ದದ್ದು ಹೊಕ್ಕೈಡೊ ದ್ವೀಪದಲ್ಲಿ, ಜಪಾನಿನ ಉತ್ತರದ ತುದಿ. ಮೈಸೂರಿನ ಕ್ರೈಸ್ತ ಕುಟುಂಬ ನಮ್ಮದು. ಅಪ್ಪನಿಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ. ನನಗೆ ಒಂಬತ್ತು ವರ್ಷ.

ಊರಾಚೆ, ಕಾಡು ಶುರುವಾಗುವಲ್ಲಿ, ಮರದ ಪುಟ್ಟ ಚರ್ಚು. ಅದರ ಪಕ್ಕದಲ್ಲೇ ಮಕೊತೊ ಸಾನ್ ಮತ್ತು ಅವರ ತಂಗಿ ಮೆಗುಮಿ ಸಾನ್ ದನ ಸಾಕಿಕೊಂಡಿದ್ದರು. ‘ಸಾನ್’ ಎಂದರೆ ಅಲ್ಲಿ ಹೆಸರಿಗೆ ಸೇರಿಸುವ ‘ಅವರು’. ಇಬ್ಬರಿಗೂ ಮೂವತ್ತು ತುಂಬಿರಲಿಲ್ಲ, ತಂದೆತಾಯಿ ತೀರಿಕೊಂಡಿದ್ದರು. ಬೈಬಲ್ಲು, ಕೊಡಲಿ ಹಿಡಿದು ಬಂದು ಆ ಕಾಡು ಕಡಿದು ನೆಲ ಹಸನು ಮಾಡಿದವನು ಅವರ ಮುತ್ತಜ್ಜ. ಗಂಟೆ ತೂಗುಹಾಕಿದವನೂ ಅವನೇ. ಗಂಟೆ ಕೇಳಿಸಿದರೆ ಅದರತ್ತ ನಡೆಯಬಾರದು, ಇದ್ದಲ್ಲೇ ಇರಬೇಕು, ಹುಡುಕಿಕೊಂಡು ಬರುತ್ತಾರೆ ಎಂಬುದು ಅವನ ಕಾಲದ ಕಟ್ಟಳೆ. ಒಬ್ಬರು ಗಂಟೆ ಎಳೆಯುತ್ತಾರೆ, ಇನ್ನೊಬ್ಬರು ಚರ್ಚಿಗೆ ಕಟ್ಟಿದ ಹಗ್ಗವನ್ನು ಸೊಂಟಕ್ಕೆ ಬಿಗಿದು ಹೊರಡುತ್ತಾರೆ.

ನನಗೆ ಅದೊಂದು ಆಟ. ಭಾನುವಾರ ಆರಾಧನೆ ಮುಗಿದ ಮೇಲೆ ಕಣ್ಣುಮುಚ್ಚಿ, ಚರ್ಚಿನಿಂದ ಕೊಟ್ಟಿಗೆಗೆ ಕಟ್ಟಿದ್ದ ಹಗ್ಗ ಹಿಡಿದು ಕೊಟ್ಟಿಗೆ ಮುಟ್ಟುತ್ತಿದ್ದೆ. ಹುಲ್ಲಿನ ಹುಳಿವಾಸನೆ, ದನದ ಬಿಸಿಯುಸಿರು ಮುಖಕ್ಕೆ ತಾಗಿದರೆ ಗೆದ್ದ ಹಾಗೆ. ಗೆದ್ದವಳಿಗೆ ಮೆಗುಮಿ ಸಾನ್ ಕೈಯಿಂದ ಬಿಸಿಹಾಲು. ಅಪ್ಪನ ವಿಶ್ವವಿದ್ಯಾಲಯದಲ್ಲೇ ಪಿಎಚ್‌ಡಿ ಮಾಡುತ್ತಿದ್ದ ಅಮ್ಮನ ತಮ್ಮ ದಾನಿ ಮಾಮನಿಗೂ ಆ ಹಾಲಿನ ರುಚಿ ಹತ್ತಿತ್ತು.

ಕ್ರಿಸ್‌ಮಸ್ಸಿಗೆ ಮೂರು ದಿನ ಇರುವಾಗ, ಮಧ್ಯಾಹ್ನ, ಹಾಡಿನ ಅಭ್ಯಾಸಕ್ಕೆಂದು ನಾನೂ ಮಾಮನೂ ಕಾರಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಅಮ್ಮ ಕರಿದ ಕರ್ಜಿಕಾಯಿಯ ಡಬ್ಬಿ, ಕಾರೆಲ್ಲ ಏಲಕ್ಕಿ. ಮಾಮ ಅಂದು ಮಕೊತೊ ಸಾನ್ ಹತ್ತಿರ ಹೆಣ್ಣು ಕೇಳುವವನಿದ್ದ. ‘ನಿಮ್ಮ ತಂಗಿಯನ್ನು ಮದುವೆಯಾಗಲು ದಯವಿಟ್ಟು ಅನುಮತಿ ಕೊಡಿ’ ಎಂಬ ಒಂದು ವಾಕ್ಯವನ್ನು ಜಪಾನಿ ಭಾಷೆಯಲ್ಲಿ ಬಾಯಿಪಾಠ ಮಾಡುತ್ತ, ಪ್ರತಿಸಲವೂ ಅರ್ಧದಲ್ಲಿ ತಡವರಿಸುತ್ತಿದ್ದ.

“ಅಷ್ಟು ದಪ್ಪ ಥೀಸಿಸ್ ಬರೀತೀಯ, ಒಂದು ಸೆಂಟೆನ್ಸ್ ಹೇಳಕ್ಕಾಗಲ್ವಾ ಮಾಮ?”

“ಥೀಸಿಸ್‌ಗೆ ಅಣ್ಣ ಇರಲ್ಲ ಪುಟ್ಟಿ. ಅವರ ತೋಳು ನೋಡಿದೀಯಾ? ಕರೂನ ಒಂದೇ ಕೈಲಿ ಎತ್ತುತಾರೆ.”

ನಗುತ್ತಿದ್ದಂತೆಯೇ ಗಾಜಿನಾಚೆ ಎಲ್ಲ ಬಿಳಿಯಾಯಿತು. ಕಾರಿನ ಮೂತಿಯೂ ಕಾಣಲಿಲ್ಲ. ಕಾರು ಹಿಮದ ದಿಬ್ಬಕ್ಕೆ ನುಗ್ಗಿ ಹೂತು ನಿಂತಿತು. ಆಮೇಲೆ ಗಂಟೆ ಕೇಳಿಸಿತು.

ಕಾರು ಹೂತರೆ ಎಂಜಿನ್ ನಿಲ್ಲಿಸಿಬಿಡಿ, ಹೊಗೆಯ ಕೊಳವೆ ಹಿಮದಲ್ಲಿ ಮುಚ್ಚಿಕೊಂಡು ವಿಷಗಾಳಿ ಒಳಗೇ ತುಂಬುತ್ತದೆ, ಕಿಟಕಿಯಲ್ಲಿ ಸಂದು ಬಿಡಿ ಎಂದು ಮಕೊತೊ ಸಾನ್ ಚಳಿಗಾಲದ ಮೊದಲಲ್ಲೇ ಹೇಳಿಕೊಟ್ಟಿದ್ದರು. ಮಾಮ ಹಾಗೇ ಮಾಡಿದ. ತನ್ನ ಕೋಟನ್ನೂ ನನಗೆ ಹೊದಿಸಿದ.

“ಮಾಮ, ಚಳಿ. ಹೀಟರ್ ಹಾಕು.”

“ಬೇಡಮ್ಮ, ಸ್ವಲ್ಪ ತಡ್ಕೋ.”

“ಕಿವಿಗೆ ಗಾಳಿ ಹೊಡೀತಿದೆ. ಕಿಟಕಿ ಮುಚ್ಚು. ಅಮ್ಮಂಗೆ ಹೇಳ್ತೀನಿ ನೋಡು!”

ಮಗುವಿನ ಕಿವಿಗೆ ಗಾಳಿ! ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಪಾಯವಿರಲಿಲ್ಲ. ಮೈಸೂರಿನ ಡಿಸೆಂಬರಿಗೇ ಕುಲಾವಿ ಕಟ್ಟಿ ಬೆಳೆಸುವವರು ನಾವು. “ಐದೇ ನಿಮಿಷ” ಎಂದು ಮಾಮ ಎಂಜಿನ್ ಹಾಕಿದ, ಗಾಜು ಏರಿಸಿದ.

ಬೆಚ್ಚಗಾಯಿತು. ತಲೆ ಭಾರವಾಯಿತು. ಮಾಮ ಆ ವಾಕ್ಯವನ್ನು ಮತ್ತೆ ಶುರುಮಾಡಿ ಅರ್ಧದಲ್ಲಿ ನಿಂತ. ಈ ಸಲ ತಡವರಿಸಲಿಲ್ಲ. ಅವನ ತಲೆ ಸ್ಟೀರಿಂಗಿನ ಮೇಲೆ ಒರಗಿತು. ಕೂಗಲು ನನಗೆ ಬಾಯಿ ಏಳಲಿಲ್ಲ. ಗಂಟೆ ದೂರ ದೂರ ಹೋಗುತ್ತಿತ್ತು. ಗಾಜು ಇಳಿಸುವ ಗುಂಡಿ ನನ್ನ ಬೆರಳಿನ ಪಕ್ಕದಲ್ಲೇ ಇತ್ತು. ಇಂದಿಗೂ ದಿನಕ್ಕೊಮ್ಮೆ ಮನಸ್ಸಿನಲ್ಲೇ ಆ ಸೀಟಿಗೆ ಹೋಗಿ ಕೂರುತ್ತೇನೆ, ಗುಂಡಿಯ ಕಡೆ ಬೆರಳು ಚಾಚುತ್ತೇನೆ. ಅದು ತಲುಪುವುದಿಲ್ಲ.

ಬಾಗಿಲು ಕಿತ್ತ ಹಾಗೆ ತೆರೆಯಿತು. ಸೊಂಟಕ್ಕೆ ಹಗ್ಗ ಬಿಗಿದಿದ್ದ ಮಕೊತೊ ಸಾನ್ ನನ್ನನ್ನು ಹಿಮಕ್ಕೆ ಎಸೆದು, ಮಾಮನನ್ನು ಎಳೆದು ಹಾಕಿದರು. ಚರ್ಚಿನಿಂದ ನಾವು ಬರೀ ನೂರೈವತ್ತು ಹೆಜ್ಜೆ ದೂರದಲ್ಲಿದ್ದೆವು. ಗಂಟೆ ಎಳೆದೆಳೆದು ಮೆಗುಮಿ ಸಾನ್ ಅಂಗೈ ಸುಲಿದಿತ್ತು.

ಮಾಮ ಬದುಕಿದ. ಎರಡು ದಿನದ ಮೇಲೆ ಆಸ್ಪತ್ರೆಯಲ್ಲಿ ಮಕೊತೊ ಸಾನ್ ಕೇಳಿದರು: “ಅಷ್ಟು ಹೇಳಿದ್ದೆ. ಯಾಕೆ ಮುಚ್ಚಿದಿರಿ?”

ಮಾಮ ನನ್ನ ಕಡೆ ನೋಡಲೂ ಇಲ್ಲ. “ನನ್ನ ತಪ್ಪು,” ಎಂದ. ನಾನು ಕಿತ್ತಳೆ ಸುಲಿಯುತ್ತಲೇ ಇದ್ದೆ.

“ನೀವು ಏನು ಕೇಳೋಕೆ ಬರ್ತಿದ್ರಿ ಅಂತ ನನಗೆ ಗೊತ್ತು. ಕೇಳಬೇಡಿ, ದಾನಿ ಸಾನ್. ಈ ನೆಲದ ಮಾತು ಕೇಳದವರ ಕೈಗೆ ತಂಗಿನ ಕೊಡಲಾರೆ.”

ಅಂಗೈಗೆ ಬಟ್ಟೆ ಸುತ್ತಿಕೊಂಡು ಮೆಗುಮಿ ಸಾನ್ ಬಾಗಿಲಲ್ಲಿ ನಿಂತಿದ್ದರು. ಅಣ್ಣನೊಬ್ಬನನ್ನೇ ದನಗಳ ಜೊತೆ ಬಿಟ್ಟು ಬರುವವರಲ್ಲ ಅವರು. ಹಿಮ ಕರಗುವ ಹೊತ್ತಿಗೆ ಮಾಮ ಮೈಸೂರಿಗೆ ಹೊರಟುಹೋದ. ಮದುವೆಯಾಗಲಿಲ್ಲ.

ಈಗ ನನಗೆ ಒಸಾಕಾದಲ್ಲಿ ಕೆಲಸ. ಎಂಥ ಚಳಿಯಲ್ಲೂ ಕಿಟಕಿಯಲ್ಲಿ ಬೆರಳಷ್ಟು ಸಂದು ಬಿಡದೆ ಮಲಗಲಾರೆ. ಕಳೆದ ತಿಂಗಳು ಉತ್ತರಕ್ಕೆ ಹೋಗಿದ್ದೆ. ಕೊಟ್ಟಿಗೆ ಖಾಲಿ, ಚರ್ಚಿಗೆ ಬೀಗ. ಅಣ್ಣ ತಂಗಿ ದನ ಮಾರಿ ಎಲ್ಲಿಗೋ ಹೋದರು ಎಂದು ಊರಿನ ಅಂಗಡಿಯಾಕೆ ಹೇಳಿದಳು. ಗಂಟೆ ಇಳಿಸಿದ್ದಾರೆ, ಬಾಗಿಲ ಹೊರಗಿನ ತೊಲೆಯಲ್ಲಿ ತುಕ್ಕಿನ ಗುರುತೊಂದೇ ಉಳಿದಿದೆ. ಅದರ ಕೆಳಗೆ ನಿಂತು ಮಾಮನಿಗೆ ಫೋನ್ ಮಾಡಿದೆ.

“ಕಿಟಕಿ ಮುಚ್ಚು ಅಂದಿದ್ದು ನಾನು. ಅವತ್ತೇ ಹೇಳ್ಬೇಕಿತ್ತು ಮಾಮ.”

“ಒಂಬತ್ತು ವರ್ಷದ ಮಗು ಮೇಲೆ ತಪ್ಪು ಹಾಕಿ ಹೆಣ್ಣು ಕೇಳಕ್ಕಾಗುತ್ತೇನೇ? ಬಿಡು.”

ಆಮೇಲೆ ಮಾಮ ಆ ವಾಕ್ಯವನ್ನು ಜಪಾನಿ ಭಾಷೆಯಲ್ಲಿ ಮೊದಲಿಂದ ಕೊನೆಯವರೆಗೆ ಹೇಳಿದ. ಎಲ್ಲೂ ನಿಲ್ಲಲಿಲ್ಲ.

“ಸರಿ ಇದ್ಯಾ ಪುಟ್ಟಿ?”

“ಸರಿ ಇದೆ ಮಾಮ,” ಎಂದೆ. ಸುತ್ತ ನೂರೈವತ್ತು ಹೆಜ್ಜೆಯೊಳಗೆ ಅದನ್ನು ಕೇಳುವವರು ಯಾರೂ ಇರಲಿಲ್ಲ.