ತೊಳೆದ ಕಾಸು

ಆ ಮಂಗಳವಾರ ಬೆಳಿಗ್ಗೆಯೂ ನಮ್ಮ ಮನೆಯವರು ಕಾಸು ತೊಳೆದರು. ಸ್ಟೀಲಿನ ಬಟ್ಟಲಲ್ಲಿ ನೀರು, ಪಾತ್ರೆ ಸೋಪಿನ ಒಂದು ಚೂರು, ಹಲ್ಲುಜ್ಜಿ ಸವೆದ ಬ್ರಷ್ಷು. ನಾಲ್ಕೈದು ನಾಣ್ಯ ಉಜ್ಜಿ, ಟವಲಿನಲ್ಲಿ ಒತ್ತಿ, ಪೂರ್ತಿ ಒಣಗುವ ಮೊದಲೇ ಯೂನಿಫಾರ್ಮಿನ ಎಡಜೇಬಿಗೆ ಹಾಕಿಕೊಂಡರು. ಬಲಜೇಬು ಬರುವ ದುಡ್ಡಿಗೆ, ಎಡಜೇಬು ಕೊಡುವ ದುಡ್ಡಿಗೆ.

ನಾವಿಬ್ಬರೂ ಪರದೇಶದ ಒಂದೇ ಹೋಟೆಲಿನಲ್ಲಿ ಕೆಲಸಕ್ಕಿದ್ದೆವು. ಅವರು ಬಾಗಿಲಲ್ಲಿ ಲಗೇಜು ಹೊರುವವರು. ನಾನು ನಾಲ್ಕನೇ ಮಹಡಿಯಲ್ಲಿ ರೂಮು ಕ್ಲೀನು ಮಾಡುವವಳು. ಮಗಳು ಊರಲ್ಲಿ ನನ್ನ ತಂಗಿಯ ಮನೆಯಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಿದ್ದಳು. ಇನ್ನೊಂದು ವರ್ಷದ ಫೀಸು ಬಾಕಿಯಿತ್ತು.

ಪಕ್ಕದ ಕೋಣೆಯ ಅಡಿಗೆಯವನು ನಮ್ಮ ಭಾಷೆಯವನೇ. ಬಾಗಿಲಿಗೆ ಒರಗಿ ನಿಂತಿದ್ದ.

“ಭಾವಾ, ಕಾಸಿಗೆ ತಲೆಸ್ನಾನ ಆಯ್ತಾ? ಪೌಡರ್ ಹಚ್ಚೋದು ಮರೀಬೇಡಿ.”

“ನೀನು ಮೊದಲು ಕೈ ತೊಳ್ಕೊಳ್ಳಯ್ಯಾ. ಈರುಳ್ಳಿ ವಾಸನೆ ಇಲ್ಲಿವರೆಗೂ ಹೊಡೀತಾ ಇದೆ.”

ನನಗೆ ನಗು ಬರಲಿಲ್ಲ. “ದಿನವೆಲ್ಲ ಬೆನ್ನು ಮುರ್ಕೊಂಡು ದುಡಿಯೋದು, ಟೀಯವನಿಗೊಂದು, ನೆಲ ಒರೆಸೋಳಿಗೊಂದು ಹಂಚ್ಕೊಂಡು ಹೋಗೋದು. ಮಹಾರಾಜರ ಸವಾರಿ! ಮಗಳ ಫೀಸು ಯಾರು ಕಟ್ತಾರ್ರೀ?” ಅಂದೆ.

“ಕಟ್ಟೋಣ ಕಣೇ. ಬಸ್ಸು ಬಂತು, ನಡಿ.”

ಅವರ ಮಾತು ಯಾವಾಗಲೂ ಅಷ್ಟೇ.

ಈ ತೊಳೆಯುವ ಚಾಳಿ ಶುರುವಾದದ್ದು ನನ್ನಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಜನ ಖಾಲಿ ಮಾಡಿದ ರೂಮುಗಳಲ್ಲಿ ದಿಂಬಿನ ಮೇಲೆ ನಾಣ್ಯ ಸಿಗುತ್ತಿತ್ತು. ಪಾಪ, ಮರೆತು ಹೋಗಿದ್ದಾರೆ ಅಂದುಕೊಂಡೆ. ನನಗೆ ಅಕ್ಷರ ಅಷ್ಟಕ್ಕಷ್ಟೇ, ಅಂಕಿ ಬರುತ್ತದೆ. ಚೀಟಿಯಲ್ಲಿ ರೂಮಿನ ನಂಬರು ಬರೆದು, ನಾಣ್ಯ ಸುತ್ತಿ, ಕೆಳಗಿನ ಕೌಂಟರಿಗೆ ಕೊಟ್ಟು ಬರುತ್ತಿದ್ದೆ. ಮೂರು ತಿಂಗಳು ಹೀಗೇ ಮಾಡಿದೆ. ಒಂದು ದಿನ ಸೂಪರ್‌ವೈಸರಮ್ಮ ಅಷ್ಟನ್ನೂ ಒಂದು ಚೀಲದಲ್ಲಿ ತಂದು ನನ್ನ ತಳ್ಳುಗಾಡಿಯ ಮೇಲೆ ಕುಕ್ಕಿದಳು.

“ಇದು ಮರೆತಿದ್ದಲ್ಲಮ್ಮ, ಟಿಪ್ಸು. ನಿನಗೇ ಇಟ್ಟಿದ್ದು!”

ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಹಡಿಯ ಹೆಂಗಸರೆಲ್ಲ ನಕ್ಕರು.

ನಾನು ಕೋಣೆಗೆ ಬಂದು ಚೀಲವನ್ನು ಮೂಲೆಗೆ ಎಸೆದು ಅತ್ತೆ. “ನಾನೇನು ಸೆರಗೊಡ್ಡಿ ಕೂತಿದ್ನಾ? ಸಂಬಳಕ್ಕೆ ಬಂದೋಳು ನಾನು. ಭಿಕ್ಷೆ ಕಾಸು ಬೇಡ ನನಗೆ.”

ಅವರು ಚೀಲ ತೆಗೆದುಕೊಂಡು ನಲ್ಲಿಯ ಕೆಳಗೆ ಒಂದೊಂದೇ ನಾಣ್ಯ ಉಜ್ಜಿದರು. ತಟ್ಟೆಯಲ್ಲಿ ಹಾಕಿ ನನ್ನ ಮುಂದೆ ಹಿಡಿದರು.

“ಕೇಳಿದೋರಿಗೆ ಹಾಕೋದು ಭಿಕ್ಷೆ. ನೀನು ಕೇಳಿದ್ಯಾ?”

“ಇಲ್ಲ.”

“ನಿನ್ನ ಮುಖಾನೂ ಅವರು ನೋಡಿಲ್ಲ. ನೀನು ಹಾಸಿದ ಹಾಸಿಗೇಲಿ ಸುಖವಾಗಿ ಮಲಗಿ ಎದ್ದು ಹೋಗಿದಾರೆ. ತಗೋ.”

ಮೂರು ತಿಂಗಳ ಹಳೆಯ ಕಾಸು ಆಗ ತಾನೇ ಹುಟ್ಟಿದ ಹಾಗೆ ಹೊಳೆಯುತ್ತಿತ್ತು. ತೆಗೆದುಕೊಂಡೆ. ಮರುದಿನದಿಂದ ಅವರು ತಾವು ಕೊಡುವ ಕಾಸನ್ನೂ ತೊಳೆಯಲು ಶುರು ಮಾಡಿದರು. ನನ್ನನ್ನು ಅಣಕಿಸುವುದಕ್ಕೆ ಅಂದುಕೊಂಡೆ. ಕೇಳಲಿಲ್ಲ. ಆರು ವರ್ಷ ಬರೀ ಬೈದೆ.

ಆ ಮಂಗಳವಾರದ ಮರುದಿನ, ಬುಧವಾರ ಹತ್ತು ಗಂಟೆಗೆ ಅವರು ಲಿಫ್ಟಿನ ಬಾಗಿಲಲ್ಲಿ, ಎರಡು ಪೆಟ್ಟಿಗೆ ಹಿಡಿದುಕೊಂಡೇ ಕುಸಿದರು. ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಮುಗಿದಿತ್ತು. ಆಸ್ಪತ್ರೆಯವರು ಒಂದು ಕವರು ಕೊಟ್ಟರು. ವಾಚು, ಕನ್ನಡಕ, ಎಡಜೇಬಿನಲ್ಲಿ ಉಳಿದಿದ್ದ ಮೂರು ನಾಣ್ಯ.

ಅವರನ್ನು ಊರಿಗೆ ಒಯ್ದು ಎಲ್ಲ ಮುಗಿಸಿದೆವು. ಮೈದುನ ಅಂದ, “ಅತ್ತಿಗೆ, ಆ ದೇಶದಲ್ಲಿ ನೀವಾಗಿ ನೀವು ಒಂದು ಬೆಂಕಿಪೊಟ್ಟಣ ಕೊಂಡಿದ್ದಿಲ್ಲ. ಒಬ್ಬರೇ ಹೋಗಿ ಏನು ಮಾಡ್ತೀರಿ?”

ಸುಳ್ಳಲ್ಲ. ಬಸ್ಸಿಗೆ, ಅಂಗಡಿಗೆ ಎಲ್ಲ ಅವರೇ ಕೊಡುತ್ತಿದ್ದರು. ಅಲ್ಲಿನ ನಾಣ್ಯದ ಮೇಲೆ ಬೆಲೆ ಅಕ್ಷರದಲ್ಲಿರುತ್ತದೆ, ಯಾವುದು ದೊಡ್ಡದು, ಯಾವುದು ಚಿಕ್ಕದು ನನಗೆ ತಿಳಿಯದು. ಮಗಳು ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕತೊಡಗಿದಳು. ಅದನ್ನು ನೋಡಿ ಹೇಳಿದೆ, “ಇಳಿಸು. ಒಂದು ವರ್ಷ ತಾನೇ, ಹೋಗ್ತೀನಿ.”

ವಾಪಸು ಬಂದ ಮೊದಲ ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ನಿಂತೆ. ಬಸ್ಸಿಗೆ ಎಷ್ಟು ಕೊಡಬೇಕು? ಮುಷ್ಟಿಯಲ್ಲಿ ಆ ಮೂರು ನಾಣ್ಯ. ಒಂದು ಬಸ್ಸು ಬಿಟ್ಟೆ. ಇನ್ನೊಂದೂ ಬಿಟ್ಟೆ. ಕೊನೆಗೆ ಅವರು ನಿಲ್ಲುತ್ತಿದ್ದ ಟೀ ಅಂಗಡಿಗೆ ಹೋಗಿ, ಟೀ ಕೇಳಿ, ಮೂರನ್ನೂ ಹಲಗೆಯ ಮೇಲಿಟ್ಟೆ.

ಟೀಯವನು ಮುದುಕ, ಅವನೂ ಬೇರೆ ದೇಶದವನು. ಅವನ ಮಾತು ನನಗೆ ಅರ್ಧ ತಿಳಿಯುತ್ತದೆ. ಒಂದು ನಾಣ್ಯ ಎತ್ತಿ ಬೆಳಕಿಗೆ ಹಿಡಿದ.

“ತೊಳೆದ ಕಾಸು. ನೀನು ಲಗೇಜಿನವರ ಹೆಂಡತಿ. ಎಲ್ಲಿ ಅವರು?”

ಕೈಯೆತ್ತಿ ಆಕಾಶ ತೋರಿಸಿದೆ. ಅವನು ಟೊಪ್ಪಿ ತೆಗೆದ. ಹೇಳಿದ:

“ಮೂವತ್ತು ವರ್ಷದಿಂದ ಇಲ್ಲಿ ನಿಂತಿದೀನಿ. ಕಾಸು ಎಸೆಯೋರು ಇದಾರೆ. ಮುಖ ನೋಡದೆ ತಳ್ಳೋರು ಇದಾರೆ. ತೊಳ್ಕೊಂಡು ಬಂದು ಕೈಗೆ ಇಟ್ಟೋರು ಅವರೊಬ್ಬರೇ. ಯಾಕಪ್ಪಾ ಅಂತ ಕೇಳಿದೆ. ನನ್ನ ಹೆಂಡತಿ ಒಂದ್ಸಲ ಟಿಪ್ಸಿಗೆ ಅತ್ತಿದ್ದಾಳೆ, ಇನ್ಯಾರಿಗೂ ಹಾಗಾಗಬಾರದು ಅಂದ್ರು.”

 ಭಿಕ್ಷೆ ಕಾಸು ಅಂತ ನಾನು ಸುಮ್ಮನೆ ಎಸೆದ ಒಂದು ಮಾತು. ಅದನ್ನು ಆ ಮನುಷ್ಯ ಆರು ವರ್ಷ ದಿನಾ ಬೆಳಿಗ್ಗೆ ಸೋಪು ಹಾಕಿ ತೊಳೆದಿದ್ದಾರೆ. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ನನಗೆ ಗೊತ್ತಿಲ್ಲ, ರಸ್ತೆಬದಿಯ ಟೀಯವನಿಗೆ ಗೊತ್ತು. ಇಂಥವರ ಪಕ್ಕದಲ್ಲಿ ನಾನು ಮಲಗಿ ಎದ್ದಿದ್ದೆನಾ ಅನ್ನಿಸಿತು.

ಮುದುಕ ತನ್ನ ಡಬ್ಬಿಯ ಚಿಲ್ಲರೆ ಹಲಗೆಯ ಮೇಲೆ ಸುರಿದ. “ಇದು ಬಸ್ಸಿಗೆ. ಇದು ಟೀಗೆ. ಇಂಥವು ಎರಡು ಬ್ರೆಡ್ಡಿಗೆ. ಹೇಳು ನೋಡೋಣ.” ಸ್ಕೂಲು ಹುಡುಗಿಯ ಹಾಗೆ ಹೇಳಿದೆ. ಎರಡು ಸಲ ತಪ್ಪಿತು. “ಲಗೇಜಿನವರು ಒಂದೇ ಸಲಕ್ಕೆ ಕಲಿತಿದ್ರು” ಅಂತ ಹಂಗಿಸಿದ. ಮೂರನೇ ಸಲ ತಪ್ಪಲಿಲ್ಲ. ಬಸ್ಸಿನದು ಇಟ್ಟುಕೊಂಡೆ, ಟೀಯದು ಕೊಟ್ಟೆ. ಉಳಿದ ಒಂದನ್ನು ಹಲಗೆಯ ಮೇಲಿಡಲಿಲ್ಲ. ಅವನ ಅಂಗೈಗೆ ಇಟ್ಟೆ.

ಮುಂದೆ ಬಂದ ಬಸ್ಸು ಹತ್ತಿದೆ.

ಫೀಸು ಕಟ್ಟಿದ್ದಾಯಿತು. ಮಗಳ ಪರೀಕ್ಷೆಗೆ ಇನ್ನು ನಾಲ್ಕು ತಿಂಗಳಿದೆ. “ಅಮ್ಮಾ, ಒಬ್ಬಳೇ ಹೇಗಿದೀಯ?” ಅಂತ ಕೇಳುತ್ತಾಳೆ. “ಬಸ್ಸಲ್ಲಿ ಹೋಗ್ತೀನಿ, ಬಸ್ಸಲ್ಲಿ ಬರ್ತೀನಿ. ನೀನು ಓದ್ಕೋ” ಅನ್ನುತ್ತೇನೆ.

ಬೆಳಿಗ್ಗೆ ಎದ್ದು ಸ್ಟೀಲಿನ ಬಟ್ಟಲಿಗೆ ನೀರು ಹಾಕುತ್ತೇನೆ. ಅಡಿಗೆಯವನು ಈಗ ತಮಾಷೆ ಮಾಡುವುದಿಲ್ಲ. “ಅಕ್ಕಾ, ಇದನ್ನೂ ಹಾಕ್ಕೊಳ್ಳಿ” ಅಂತ ತನ್ನದೊಂದು ನಾಣ್ಯ ಬಟ್ಟಲಿಗೆ ಬಿಟ್ಟು ನಿಲ್ಲುತ್ತಾನೆ. ಬ್ರಷ್ಷಿನಿಂದ ಉಜ್ಜಿ, ಟವಲಿನಲ್ಲಿ ಒತ್ತಿ, ಅವನದು ಅವನಿಗೆ ಕೊಟ್ಟು, ನನ್ನವನ್ನು ಎಡಜೇಬಿಗೆ ಹಾಕಿಕೊಳ್ಳುತ್ತೇನೆ. ನನ್ನ ಯೂನಿಫಾರ್ಮಿಗೆ ಎಡಜೇಬು ಇರಲಿಲ್ಲ. ಅವರ ಅಂಗಿಯದನ್ನು ಬಿಚ್ಚಿ ಹೊಲಿದುಕೊಂಡಿದ್ದೇನೆ.