ಶನಿವಾರ ಉದುರುವ ಹೀಚು

ನನ್ನ ತಮ್ಮ ಅಥೋಲ್ ಪೆಂಗೆಲ್ಲಿ ಒಳ್ಳೆಯವನು. ಹ್ಯೂಆನ್ ನದಿಯ ಈ ದಂಡೆಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಹೇಳುವಾಗ ಸ್ವಲ್ಪ ನಗುತ್ತಾರೆ. ಒಳ್ಳೆಯತನ ಅವನ ವೃತ್ತಿ. ಅದರ ಖರ್ಚುವೆಚ್ಚ ನೋಡಿಕೊಳ್ಳುವುದು ಅವನ ಹೆಂಡತಿ ನೆರಿಡಾಳ ವೃತ್ತಿ.

ಅಪ್ಪ ಬಿಟ್ಟುಹೋದ ಸೇಬಿನ ತೋಟ ದೊಡ್ಡದೇನಲ್ಲ. ಗುಡ್ಡದ ಮೇಲೊಂದು ತುಂಡು, ರಸ್ತೆಯ ಪಕ್ಕ ಒಂದು ತುಂಡು. ಮೇಲ್ತೋಟ, ಕೆಳತೋಟ ಅನ್ನುತ್ತೇವೆ. ಎದುರಿನ ಮನೆ ನನ್ನದು. ಹಾಗಾಗಿ ಅಥೋಲನ ಒಳ್ಳೆಯತನವನ್ನು ನಾನು ದಿನವೂ ಕಿಟಕಿಯಿಂದ ನೋಡುತ್ತೇನೆ, ಟಿಕೆಟ್ಟಿಲ್ಲದೆ.

ಚಿಗುರು ತಿನ್ನಲು ಬರುವ ವಾಲಬಿಗಳ, ಅಂದರೆ ಗಿಡ್ಡ ಕಾಂಗರೂಗಳ, ಕಾಟಕ್ಕೆ ಇಲ್ಲಿ ಎಲ್ಲರೂ ಬೇಲಿ ಹಾಕುತ್ತಾರೆ. ಅಥೋಲನೂ ಹಾಕಿದ. ಮಾರನೆಯ ದಿನ ಮರಿಯನ್ನು ಹೊಟ್ಟೆಚೀಲದಲ್ಲಿಟ್ಟುಕೊಂಡ ಒಂದು ವಾಲಬಿ ಹೊರಗೆ ನಿಂತು ಅವನನ್ನೇ ನೋಡಿತಂತೆ. ಈಗ ಬೇಲಿಗೆ ಒಂದು ಗೇಟಿದೆ, ಅದು ಸದಾ ತೆರೆದಿರುತ್ತದೆ. ಶನಿವಾರಗಳಂದು ಊರಿನ ಕ್ರಿಕೆಟ್ಟಿಗೆ ಅವನೇ ಅಂಪೈರ್. ಚೆಂಡು ಹಾಕಿದವನು ಗಂಟಲು ಹರಿಯುವಂತೆ ಕೂಗಿದರೂ ಅಥೋಲನ ಕೈ ಮೇಲೇಳುವುದು ಟೋಪಿ ಸರಿಮಾಡಿಕೊಳ್ಳಲು ಮಾತ್ರ. "ಪಾಪ, ಈಗ ತಾನೇ ಬಂದಿದಾನೆ, ಇನ್ನೊಂದು ಆಡ್ಲಿ ಬಿಡೋ," ಅನ್ನುತ್ತಾನೆ. ಅಕ್ಕಪಕ್ಕದ ಊರುಗಳಲ್ಲಿ ಆಟ ಚಹಾದ ಹೊತ್ತಿಗೆ ಮುಗಿಯುತ್ತದೆ. ನಮ್ಮಲ್ಲಿ ಕತ್ತಲಾದರೆ ಮುಗಿಯುತ್ತದೆ.

ಇಂಥವನ ಪಾಲಿಗೆ ಬಂದದ್ದು ಸೇಬಿನ ತೋಟ. ಸೇಬಿನ ಮರಕ್ಕೆ ಮಿತಿ ಗೊತ್ತಿಲ್ಲ. ಒಂದೊಂದು ಗೊಂಚಲಿಗೆ ಐದಾರು ಹೀಚು ಕಟ್ಟುತ್ತದೆ. ಅಷ್ಟನ್ನೂ ಬಿಟ್ಟರೆ ನೆಲ್ಲಿಕಾಯಿಯಂಥವು ಐದಾರು ಸಿಗುತ್ತವೆಯೇ ಹೊರತು ಮಾರುವಂಥ ಸೇಬು ಒಂದೂ ಸಿಗುವುದಿಲ್ಲ. ಆದ್ದರಿಂದ ಬೇಸಿಗೆ ಶುರುವಾಗುವ ಡಿಸೆಂಬರಿನಲ್ಲಿ, ಗೊಂಚಲಿನ ನಡುವೆ ಇರುವ ದೊಡ್ಡ ಹೀಚೊಂದನ್ನು ಉಳಿಸಿ ಮಿಕ್ಕವನ್ನು ಕತ್ತರಿಸಿ ಕೆಡವಬೇಕು. ಆ ದೊಡ್ಡದನ್ನು ನಾವು ರಾಜ ಎಂದೇ ಕರೆಯುತ್ತೇವೆ. ಅಪ್ಪ ಈ ಕೆಲಸವನ್ನು ಗಡ್ಡ ಬೋಳಿಸಿಕೊಳ್ಳುವಷ್ಟು ನಿರಾಳವಾಗಿ ಮಾಡುತ್ತಿದ್ದ. ಅಥೋಲ್ ಚಿಕ್ಕವನಿದ್ದಾಗ ಅವನ ಕೈಗೂ ಕತ್ತರಿ ಕೊಟ್ಟ. ಅವನು ಒಂದೇ ಒಂದು ಹೀಚು ಕತ್ತರಿಸಿ, ಅದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದು, ಅಮ್ಮನ ಮುಂದೆ ಮೇಜಿನ ಮೇಲಿಟ್ಟು ಅತ್ತ. "ಇವನನ್ನ ಪಾದ್ರಿ ಮಾಡೋಣ," ಎಂದ ಅಪ್ಪ. ಪಾದ್ರಿಗಳಿಗೂ ಪರೀಕ್ಷೆ ಇರುತ್ತದೆ. ಅಥೋಲ್ ತೋಟಕ್ಕೇ ಉಳಿದ.

ನೆರಿಡಾ ಆಲೂಗಡ್ಡೆ ಬೆಳೆಯುವವರ ಮನೆಯಿಂದ ಬಂದವಳು. ಮದುವೆಯಾದ ಮೊದಲ ಡಿಸೆಂಬರಿನಲ್ಲಿ ಏಣಿ ಒರಗಿಸಿಟ್ಟು ಕೇಳಿದಳು, "ಯಾವತ್ತಿಂದ ಶುರು?"

"ಏನು ಶುರು?" ಎಂದ ಅಥೋಲ್. "ಮರಕ್ಕೆ ಎಲ್ಲಾ ಗೊತ್ತು ಕಣೇ. ಬೇಡದ್ದನ್ನ ಅದೇ ಉದುರಿಸತ್ತೆ. ನಾವ್ಯಾರು ಮಧ್ಯ ಕೈ ಹಾಕೋಕೆ?"

ಮರ ತಾನಾಗಿ ಒಂದಷ್ಟು ಉದುರಿಸುವುದು ನಿಜ. ಸರ್ಕಾರಿ ಕಚೇರಿ ತಾನಾಗಿ ಒಂದಷ್ಟು ಕೆಲಸ ಮಾಡುವುದೂ ನಿಜ. ನೆರಿಡಾ ವಾದಕ್ಕಿಳಿಯಲಿಲ್ಲ. ಶನಿವಾರ ಅವನು ಬಿಳಿ ಕೋಟು ಹಾಕಿಕೊಂಡು ಮೈದಾನಕ್ಕೆ ಹೋದ ಮೇಲೆ, ಮಹಿಳಾ ಸಂಘದ ಇಬ್ಬರು ಗೆಳತಿಯರನ್ನು ಕರೆದುಕೊಂಡು ಏಣಿ ಹತ್ತಿದಳು. ಕ್ರಿಕೆಟ್ ಎಂದಿನಂತೆ ಕತ್ತಲಾಗುವವರೆಗೆ ನಡೆಯಿತು. ಭಾನುವಾರ ಬೆಳಗ್ಗೆ ಅಥೋಲ್ ತೋಟಕ್ಕೆ ಹೋಗಿ, ನೆಲದ ತುಂಬ ಬಿದ್ದ ಹೀಚುಗಳನ್ನು ನೋಡಿ, ಓಡುತ್ತಾ ನನ್ನ ಮನೆಗೆ ಬಂದ.

"ನೋಡಿದ್ಯಾ ಅಕ್ಕಾ? ನಾನು ಹೇಳ್ಲಿಲ್ವಾ? ರಾತ್ರೋರಾತ್ರಿ ಉದುರಿಸಿಬಿಟ್ಟಿವೆ!"

ಅಲ್ಲಿಂದ ಮುಂದೆ ಪ್ರತಿ ಡಿಸೆಂಬರಿನಲ್ಲೂ ಅವನ ಮರಗಳು ಶನಿವಾರವೇ ಹೀಚು ಉದುರಿಸಿದವು. ಇದು ಅವನ ಗಮನಕ್ಕೂ ಬಂತು. ಅದಕ್ಕೊಂದು ಸಿದ್ಧಾಂತವೂ ಹುಟ್ಟಿತು: ಶನಿವಾರ ತೋಟದಲ್ಲಿ ಯಾರೂ ಇರುವುದಿಲ್ಲ, ಮರಗಳ ಮನಸ್ಸಿಗೆ ಶಾಂತಿ ಸಿಗುತ್ತದೆ, ಅವು ಯೋಚಿಸಿ ತೀರ್ಮಾನಿಸುತ್ತವೆ. ನಾನು ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. "ತೊಟ್ಟಿನ ಮೇಲೆ ಕತ್ತರಿ ಗುರುತೂ ಇರುತ್ತಲ್ಲೋ," ಎಂದೆ. "ಇದೆಲ್ಲ ನಿನ್ನ ಪುಸ್ತಕದಲ್ಲಿ ಇರಲ್ಲ ಅಕ್ಕಾ," ಎಂದು ಅವನು ನನ್ನ ಮೇಲೂ ಕರುಣೆ ತೋರಿಸಿದ. ಬೆಳೆಗಾರರ ಸಂಘದಲ್ಲಿ ಈ ವಿಷಯವಾಗಿ ಭಾಷಣವನ್ನೂ ಮಾಡಿದ. ಯಾರೂ ನಗಲಿಲ್ಲ. ನಮ್ಮ ಕಣಿವೆಯ ಜನ ಕೆಮ್ಮುವುದರಲ್ಲಿ ನಿಪುಣರು.

"ಹೇಳ್ಬಿಡಬಾರ್ದೇನೇ?" ಎಂದು ನೆರಿಡಾಳನ್ನು ಒಮ್ಮೆ ಕೇಳಿದ್ದೆ.

"ಹೇಳಿದ್ರೆ ಊಟ ಬಿಟ್ಟು ಕೂತ್ಕೋತಾನೆ. ಅವನನ್ನ ಸಮಾಧಾನ ಮಾಡೋದಕ್ಕಿಂತ ಏಣಿ ಹತ್ತೋದು ಸುಲಭ ಅಕ್ಕಾ."

ಮದುವೆ ಎಂದರೆ ಏನು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಕೇಳಿಲ್ಲ. ನಾನು ಮದುವೆಯಾಗಲಿಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಆದರೆ ಗೆಳತಿಯರಲ್ಲಿ ಒಬ್ಬಳು ಮಗಳಿರುವ ಊರಿಗೆ ಹೋದಳು, ಇನ್ನೊಬ್ಬಳಿಗೆ ಮಂಡಿ ಹೋಯಿತು. ಹೋದ ವರ್ಷ ನೆರಿಡಾ ಒಬ್ಬಳೇ ಹೆಣಗಾಡಿದಳು, ಅರ್ಧ ತೋಟ ಹಾಗೇ ಉಳಿಯಿತು, ಹಣ್ಣು ಸಣ್ಣದಾಯಿತು. ನಮ್ಮ ಹಣ್ಣು ಕೊಳ್ಳುವ ಪ್ಯಾಕಿಂಗ್ ಶೆಡ್ಡಿನಿಂದ ಲಾಕ್ಲನ್ ಎಂಬ ತರುಣ ಬಂದ. ತುಂಬ ಮರ್ಯಾದಸ್ಥ. ಕೆಟ್ಟ ಸುದ್ದಿ ಹೇಳುವ ಮುನ್ನ ಬೂಟಿನ ಮಣ್ಣು ಒರೆಸಿಕೊಂಡು ಒಳಗೆ ಬಂದ.

"ಮುಂದಿನ ಸಲಾನೂ ಸಣ್ಣದೇ ಬಂದ್ರೆ ಇನ್ಮೇಲೆ ನಿಮ್ಮ ಹಣ್ಣು ತಗೊಳೋದು ಕಷ್ಟ. ಶೆಡ್ಡಿನ ತೀರ್ಮಾನ, ನನ್ನದಲ್ಲ."

ಶೆಡ್ಡಿನವರು ಬಿಟ್ಟರೆ ಉಳಿಯುವುದು ಜ್ಯೂಸ್ ಕಾರ್ಖಾನೆ. ಅವರು ಕೊಡುವ ಬೆಲೆಯಲ್ಲಿ ತೋಟ ಉಳಿಯುವುದಿಲ್ಲ, ಮಾರಬೇಕಾಗುತ್ತದೆ. ಇದು ಅಥೋಲನಿಗೂ ಚೆನ್ನಾಗಿ ಗೊತ್ತಿತ್ತು. ಆದರೂ ಅವನಿಗೆ ಚಿಂತೆಯಿರಲಿಲ್ಲ. "ಹೋದ ವರ್ಷ ಮರಗಳಿಗೆ ಯಾಕೋ ಬೇಜಾರಿತ್ತು. ಈ ವರ್ಷ ಗೆಲುವಾಗಿವೆ," ಎಂದ.

ಈ ಡಿಸೆಂಬರಿನ ಮೊದಲ ಶನಿವಾರವೇ ನೆರಿಡಾ ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಗಂಡನಿಗೆ ಹೇಳಿದ್ದು ಕೋಳಿಗೂಡಿನ ಮೆಟ್ಟಿಲ ಮೇಲೆ ಜಾರಿದೆನೆಂದು. ಅಥೋಲ್ ಮಾರನೆಯ ದಿನವೇ ಕೋಳಿಗೂಡಿನ ಮೆಟ್ಟಿಲನ್ನು ಕಿತ್ತುಹಾಕಿ, ಹೊಸ ಹಲಗೆ ತಂದು, ಉಜ್ಜಿ ನುಣುಪು ಮಾಡಿ, ಹಿಡಿದುಕೊಳ್ಳಲು ಕಂಬಿಯನ್ನೂ ಕೂರಿಸಿದ. ನಮ್ಮ ಕೋಳಿಗಳು ಈಗ ಕಂಬಿಯ ಪಕ್ಕ ರಾಣಿಯರಂತೆ ಇಳಿದು ಬರುತ್ತವೆ. ಏಣಿಯ ಕಡೆ ಯಾರೂ ನೋಡಲಿಲ್ಲ. ಕೂಲಿಯವರನ್ನು ಕರೆಸೋಣವೆಂದರೆ ದ್ವೀಪಗಳಿಂದ ಬರುವ ಕೆಲಸಗಾರರನ್ನು ದೊಡ್ಡ ತೋಟದವರು ಮೊದಲೇ ಹಿಡಿದಿಟ್ಟಿರುತ್ತಾರೆ. ನನ್ನ ಬೆನ್ನು ಏಣಿಯ ಮಾತೆತ್ತಿದರೇ ನೋಯುತ್ತದೆ.

ಮುಂದಿನ ಶನಿವಾರ ಮರಗಳು ಏನನ್ನೂ ಉದುರಿಸಲಿಲ್ಲ. ಭಾನುವಾರ ಬೆಳಗ್ಗೆ ಅಥೋಲ್ ಪ್ರತಿ ಮರದ ಕೆಳಗೂ ನಿಂತು ಕಾದ. "ತಡ ಮಾಡ್ತಿವೆ," ಎಂದ. ವಾರದ ನಡುವೆ ಲಾಕ್ಲನ್ ಬಂದು ಕಿಕ್ಕಿರಿದ ಗೊಂಚಲುಗಳನ್ನು ನೋಡಿದ, ನೆರಿಡಾಳ ಕೈಯ ಪ್ಲಾಸ್ಟರನ್ನೂ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. "ಕ್ರಿಸ್‌ಮಸ್ ಒಳಗೆ ಆಗ್ಬೇಕು. ಆಮೇಲೆ ತೆಗೆದ್ರೂ ಒಂದೇ, ಬಿಟ್ರೂ ಒಂದೇ," ಎಂದು ಅವಳಿಗೆ ಮಾತ್ರ ಕೇಳುವಂತೆ ಹೇಳಿ ಹೋದ.

ಆ ಸಂಜೆ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ನಾವು ಮೂವರೂ ಕುಳಿತಿದ್ದಾಗ ನೆರಿಡಾ ಹೇಳಿಯೇಬಿಟ್ಟಳು.

"ಮರ ಉದುರಿಸಲ್ಲ ಅಥೋಲ್. ಇಷ್ಟು ವರ್ಷ ಉದುರಿಸಿದ್ದು ನಾನು."

"ನೀನಾ?"

"ಮತ್ತೆ? ದೇವದೂತರು ಕತ್ತರಿ ತಗೊಂಡು ಇಳಿದು ಬರ್ತಾರಾ?"

"ಶನಿವಾರ..."

"ಹೂಂ. ಶನಿವಾರ. ನೀನು ಅಲ್ಲಿ ಯಾರನ್ನೂ ಔಟ್ ಮಾಡದೇ ನಿಂತಿದ್ದಾಗ ನಾನಿಲ್ಲಿ ಎಲ್ಲಾರನ್ನೂ ಔಟ್ ಮಾಡ್ತಿದ್ದೆ."

ಅಥೋಲ್ ನನ್ನತ್ತ ತಿರುಗಿದ. "ನಿನಗೆ ಗೊತ್ತಿತ್ತಾ ಅಕ್ಕಾ?"

"ನನ್ನ ಮನೆಗೆ ಕಿಟಕಿ ಇದೆ ಕಣೋ," ಎಂದೆ.

ಅವನು ಚಹಾ ಬಿಟ್ಟು ಎದ್ದು ಹೋದ. ನೆರಿಡಾ ಹೇಳಿದ್ದಂತೆಯೇ ಊಟ ಬಿಟ್ಟ. ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲಿ ಕೂತ. ಆದರೆ ಆಮೇಲೆ, ನಾನು ನಿರೀಕ್ಷಿಸದಿದ್ದ ಒಂದು ಕೆಲಸ ಮಾಡಿದ. ಕತ್ತರಿ ಕೇಳಿ ತೆಗೆದುಕೊಂಡ. "ನಾನೇ ಮಾಡ್ತೀನಿ. ಯಾರೂ ಬರಬೇಡಿ, ನೋಡೋರಿದ್ರೆ ನನ್ನ ಕೈಲಾಗಲ್ಲ," ಎಂದು ಮೇಲ್ತೋಟಕ್ಕೆ ಏಣಿ ಹೊತ್ತುಕೊಂಡು ಹೋದ. ಬೆಳಗಿನಿಂದ ಸಂಜೆಯವರೆಗೆ ಗುಡ್ಡದ ಮೇಲಿಂದ ಕತ್ತರಿಯ ಸದ್ದು ಕೇಳುತ್ತಿತ್ತು. ನೆರಿಡಾ ಮೂಗು ಒರೆಸಿಕೊಂಡಳು. ನಾನು ಕನ್ನಡಕ ಒರೆಸಿಕೊಂಡೆ, ಅದು ಕೊಳೆಯಾಗಿತ್ತು.

ಮೇಲ್ತೋಟ ಪೂರ್ತಿ ಮುಗಿದ ಮೇಲೆ ನಮ್ಮಿಬ್ಬರನ್ನೂ ಕರೆದು ತೋರಿಸಿದ. ಮುಖದಲ್ಲಿ ಯುದ್ಧ ಗೆದ್ದು ಬಂದವನ ಕಳೆ. ನೆಲದ ತುಂಬ ಹೀಚು ಬಿದ್ದಿತ್ತು. ನೆರಿಡಾ ಬಗ್ಗಿ ಒಂದನ್ನು ಎತ್ತಿಕೊಂಡಳು, ಇನ್ನೊಂದನ್ನು ಎತ್ತಿಕೊಂಡಳು, ಆಮೇಲೆ ಕತ್ತೆತ್ತಿ ಕೊಂಬೆ ನೋಡಿದಳು.

"ಅಥೋಲ್, ಇವೆಲ್ಲಾ ರಾಜ."

"ಹೌದು."

"ದೊಡ್ಡದನ್ನೇ ಹುಡುಕಿ ಹುಡುಕಿ ತೆಗೆದಿದೀಯ."

"ಮತ್ತೆ? ಅದಾಗಲೇ ತಿಂದು ಕೊಬ್ಬಿದೆ. ಸಣ್ಣವು ಪಾಪ, ಅದರ ನೆರಳಲ್ಲಿ ಮುದುಡಿಕೊಂಡಿದ್ವು. ಅವಕ್ಕೂ ಒಂದು ಅವಕಾಶ ಬೇಡ್ವಾ? ಒಬ್ಬನನ್ನೇ ತೆಗಿಯೋದಾದ್ರೆ ಗಟ್ಟಿಗನನ್ನ ತೆಗೀಬೇಕು. ಅವನು ತಡ್ಕೋತಾನೆ."

ನಮ್ಮ ದೇಶದಲ್ಲಿ ಯಾರ ತಲೆಯೂ ಮಿಕ್ಕವರ ತಲೆಗಿಂತ ಮೇಲೆ ಕಾಣಬಾರದು. ಕಂಡರೆ ಪ್ರೀತಿಯಿಂದ ತಗ್ಗಿಸುತ್ತೇವೆ. ಶಾಲೆಯಲ್ಲಿ, ಸಂಘದಲ್ಲಿ, ಪಾರ್ಲಿಮೆಂಟಿನಲ್ಲಿ ಈ ಪದ್ಧತಿ ಚೆನ್ನಾಗಿ ನಡೆದುಕೊಂಡು ಬಂದಿದೆ, ಫಲವನ್ನೂ ಕಾಣುತ್ತಿದ್ದೇವೆ. ಆದರೆ ಅದನ್ನು ಸೇಬಿನ ಮರಕ್ಕೆ ಅನ್ವಯಿಸಿದ ಮೊದಲಿಗ ನನ್ನ ತಮ್ಮನೇ ಇರಬೇಕು. ಗೊಂಚಲು ಗೊಂಚಲಿನಲ್ಲೂ ರಾಜನನ್ನು ಕೆಡವಿ, ನಾಲ್ಕೈದು ಪೀಚಲುಗಳಿಗೆ ಸಮಾನ ಹಕ್ಕು ಕೊಟ್ಟಿದ್ದ.

ನೆರಿಡಾ ಅಲ್ಲೇ ಬಿದ್ದಿದ್ದ ಪೆಟ್ಟಿಗೆಯನ್ನು ಕವುಚಿ ಅದರ ಮೇಲೆ ಕುಳಿತಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. "ಕೆಳತೋಟ ಉಳಿದಿದೆ," ಎಂದಳು. "ನಡಿ."

ಉಳಿದ ದಿನಗಳಲ್ಲಿ ನಮ್ಮ ಕೆಳತೋಟ ನೋಡುವಂತಿತ್ತು. ಏಣಿಯ ಮೇಲೆ ಅಥೋಲ್. ಕೆಳಗೆ ಒಂದು ಕೈ ಪ್ಲಾಸ್ಟರಿನಲ್ಲಿ, ಇನ್ನೊಂದು ಕೈಯಲ್ಲಿ ಪೊರಕೆಯ ಕೋಲು ಹಿಡಿದ ನೆರಿಡಾ. ರಸ್ತೆಯಲ್ಲಿ ಹೋಗುವವರು ಕಾರು ನಿಧಾನ ಮಾಡಿ ನೋಡುತ್ತಿದ್ದರು.

"ಅದು. ಅಲ್ಲ, ಅದರ ಪಕ್ಕದ್ದು. ಕತ್ತರಿಸು."

"ಇದು ಚೆನ್ನಾಗೇ ಇದೆಯಲ್ಲೇ?"

"ಚೆನ್ನಾಗೇ ಇದೆ. ಕತ್ತರಿಸು."

ಅವನು ತುಟಿ ಅಲ್ಲಾಡಿಸುತ್ತಿದ್ದ. ಏನೆಂದು ಕೇಳಿದರೆ, ಒಂದೊಂದು ಹೀಚಿಗೂ ಕ್ಷಮಿಸು ಅನ್ನುತ್ತಿದ್ದಾನೆ. ಈ ಗತಿಯಲ್ಲಿ ಈಸ್ಟರಿಗೂ ಮುಗಿಯುತ್ತಿರಲಿಲ್ಲ.

"ಕ್ಷಮೆ ಸಾಲಿಗೆ ಒಂದ್ಸಲ ಕೇಳು ಸಾಕು," ಎಂದಳು ನೆರಿಡಾ. "ಎಲ್ಲಾದಕ್ಕೂ ಸೇರಿಸಿ ಕೇಳು."

ಶನಿವಾರವೂ ಅವನನ್ನು ಇಳಿಯಲು ಬಿಡಲಿಲ್ಲ. ಮೈದಾನಕ್ಕೆ ಬೇರೆ ಯಾರೋ ಅಂಪೈರ್ ಹೋದರು. ಆಟ ಚಹಾಕ್ಕೆ ಮುಂಚೆಯೇ ಮುಗಿಯಿತು. ತಂಡದ ನಾಯಕ ವೆರ್ನ್ ಸಂಜೆ ಬೇಲಿಯ ಹತ್ತಿರ ಬಂದು, ಮುಂದಿನ ಶನಿವಾರವೂ ಅಥೋಲನಿಗೆ ಕೆಲಸವಿದೆಯೇ, ಪಾಪ ಅವಸರವೇನಿಲ್ಲ, ಎಂದು ಬಹಳ ಕಾಳಜಿಯಿಂದ ವಿಚಾರಿಸಿಕೊಂಡು ಹೋದ.

ಕ್ರಿಸ್‌ಮಸ್ಸಿನ ಹಿಂದಿನ ದಿನ ಕೆಳತೋಟ ಮುಗಿಯಿತು. ಹಬ್ಬದೂಟಕ್ಕೆ ಹಂದಿಮಾಂಸದ ಜೊತೆ ಸೇಬಿನ ಗೊಜ್ಜಿತ್ತು. ಅಥೋಲ್ ಗೊಜ್ಜು ಮುಟ್ಟಲಿಲ್ಲ. ಹಂದಿಮಾಂಸ ಎರಡು ಸಲ ಬಡಿಸಿಕೊಂಡ.

ಏಪ್ರಿಲಿನಲ್ಲಿ ಲಾಕ್ಲನ್ ಅಳತೆಯ ಬಳೆ ಹಿಡಿದುಕೊಂಡು ಬಂದ. ಬಳೆಯೊಳಗಿಂದ ತೂರಿ ಕೆಳಗೆ ಬಿದ್ದ ಹಣ್ಣು ಸಣ್ಣದು, ಸಿಕ್ಕಿಕೊಂಡು ನಿಂತದ್ದು ಶೆಡ್ಡಿಗೆ. ಮೊದಲು ಮೇಲ್ತೋಟಕ್ಕೆ ಹೋದ. ಸಮಾನ ಹಕ್ಕು ಪಡೆದ ಹಣ್ಣುಗಳೆಲ್ಲ ಒಂದಾದ ಮೇಲೊಂದು ಸಲೀಸಾಗಿ ತೂರಿ ಬಿದ್ದವು. ಅವನು ಇಳಿದು ಬಂದು ಕೆಳತೋಟದಲ್ಲಿ ಶುರು ಮಾಡಿದ. ನೆರಿಡಾ ಏಪ್ರನ್ನಿನ ಅಂಚನ್ನು ಮುದ್ದೆ ಮಾಡಿ ಹಿಡಿದಿದ್ದಳು. ಹಣ್ಣು ನಿಂತಿತು. ಇನ್ನೊಂದು ಮರದ್ದೂ ನಿಂತಿತು. ಸಾಲಿನ ಕೊನೆಯವರೆಗೂ ನಿಂತಿತು.

"ಕೆಳಗಿನದ್ದು ತಗೋತೀವಿ," ಎಂದ ಲಾಕ್ಲನ್. "ಮೇಲಿನದ್ದು ಜ್ಯೂಸಿಗೆ ಕೊಡಿ."

"ಮುಂದಿನ ವರ್ಷ?" ನೆರಿಡಾ ಕೇಳಿದಳು.

"ಮುಂದಿನ ವರ್ಷಾನೂ ತಗೋತೀವಿ. ಆದ್ರೆ..." ಅವನು ಬೂಟಿನ ಮಣ್ಣು ನೋಡಿಕೊಂಡ. "ಅಥೋಲ್ ಅವರೇ, ಬೇಜಾರು ಮಾಡ್ಕೋಬೇಡಿ. ಡಿಸೆಂಬರಲ್ಲಿ ನಾನು ಬಂದಾಗ ತೋಟದಲ್ಲಿ ನೆರಿಡಾ ಅವರು ಹೇಳಿದ ಹಾಗೆ ಕೆಲಸ ನಡೀತಿರಬೇಕು. ಇಲ್ಲಾಂದ್ರೆ ಶೆಡ್ಡಲ್ಲಿ ನಾನು ಏನೂ ಮಾತಾಡೋಕಾಗಲ್ಲ."

"ಅಂದ್ರೆ ನಿನಗೂ ಗೊತ್ತಿತ್ತು," ಎಂದ ಅಥೋಲ್.

"ಕಣಿವೆಗೇ ಗೊತ್ತು ಸರ್."

ಲಾಕ್ಲನ್ ಹೋದ ಮೇಲೆ ಜ್ಯೂಸ್ ಕಾರ್ಖಾನೆಯ ಲಾರಿ ಬಂತು. ಅಥೋಲ್ ಮೇಲ್ತೋಟದ ಹಣ್ಣುಗಳನ್ನು ತಾನೇ ತುಂಬಿಸಿದ, ಮೊಟ್ಟೆ ಜೋಡಿಸುವವನಂತೆ. ನಡುವೆ ಎರಡು ಹಣ್ಣನ್ನು ಅಂಗಿಗೆ ಒರೆಸಿ ನಮ್ಮಿಬ್ಬರಿಗೂ ಕೊಟ್ಟ.

"ಸಣ್ಣದಾದ್ರೂ ಎಂಥಾ ಸಿಹಿ ನೋಡಿ."

ತಿಂದೆ. ಹೊರೆ ಹೆಚ್ಚಾದ ಮರದ ಹಣ್ಣಿನಲ್ಲಿ ಸಕ್ಕರೆ ಸಾಲುವುದಿಲ್ಲ. "ಹುಳಿ," ಎಂದೆ.

ನೆರಿಡಾ ಒಂದು ಸಲ ಕಚ್ಚಿ, ಮುಖ ಕಿವುಚಿ, ಉಳಿದದ್ದನ್ನು ಲಾರಿಯೊಳಗೆ ಎಸೆದಳು. "ಡಿಸೆಂಬರಿಗೆ ಇನ್ನೊಂದು ಕತ್ತರಿ ತರ್ಬೇಕು ಅಥೋಲ್. ಈ ಸಲ ಇಬ್ಬರಿದೀವಿ."

ಅಥೋಲ್ ಲಾರಿಯವನಿಗೆ ಚಹಾ ಬೇಕೇನೋ ಕೇಳಿಕೊಂಡು ಬರುತ್ತೇನೆಂದು ಹೋದ.